‘ನಾಳಿಂದ ಬರಬ್ಯಾಡ’ ಅಂದರೆ ಮುಗೀತೇನು?

ನಮ್ಮ ಕಡೆ ದುಡಿಯೋ ಮನುಷ್ಯನನ್ನು ಕೆಲಸದಿಂದ ತೆಗೆಯಲಿಕ್ಕೆ ಎರಡು ಶಬ್ದ ಸಾಕು. ‘ನಾಳಿಂದ ಬರಬ್ಯಾಡ.’ ಹದಿನೈದು ವರ್ಷ ಸಿಮೆಂಟಿನ ಧೂಳು ಕುಡಿದವನಿಗೂ ಅಷ್ಟೇ, ಇಪ್ಪತ್ತು ವರ್ಷ ಕಲ್ಲುಗಣಿಯಲ್ಲಿ ಫರಸಿ ಎತ್ತಿ ಸೊಂಟ ಕಳಕೊಂಡವಳಿಗೂ ಅಷ್ಟೇ, ಹಾಸ್ಟೆಲಿನ ಅಡುಗೆಮನೆಯಲ್ಲಿ ನಮಗೇ ರೊಟ್ಟಿ ಬಡಿದು ಹಾಕಿದವಳಿಗೂ ಅಷ್ಟೇ. ಕಾಗದ ಕೊಡೋದಿಲ್ಲ. ಕಾರಣ ಹೇಳೋದಿಲ್ಲ. ಹೇಳುವವನು ಮಾಲೀಕನೂ ಅಲ್ಲ, ಮ್ಯಾನೇಜರೂ ಅಲ್ಲ. ಗುತ್ತಿಗೆದಾರನ ಮುಕದ್ದಮ, ಇಲ್ಲವೇ ಗೇಟಿನ ವಾಚ್‌ಮನ್. ಅವನೂ ನಮ್ಮಂಥ ಕೂಲಿಯವನೇ. ನಮ್ಮವನ ಬಾಯಿಂದಲೇ ನಮ್ಮವನ ಅನ್ನ ಕಸಿಯುತ್ತಾರೆ.

ಆಮೇಲೆ ಊರು ಏನನ್ನುತ್ತದೆ? ‘ಹಣೇಬರಹ’ ಅನ್ನುತ್ತದೆ. ‘ಸಾಹೇಬರ ಕಾಲು ಹಿಡಿ, ಮತ್ತ ತಗೋತಾರ’ ಅನ್ನುತ್ತದೆ. ‘ಕೋರ್ಟು ಕಚೇರಿ ಬಡವರಿಗಲ್ಲಪಾ’ ಅನ್ನುತ್ತದೆ. ಇಷ್ಟರಲ್ಲಿ ಗುತ್ತಿಗೆದಾರನ ಮನುಷ್ಯ ಹತ್ತೋ ಹದಿನೈದೋ ಸಾವಿರ ಹಿಡಿದುಕೊಂಡು ಮನೆಗೆ ಬರುತ್ತಾನೆ. ‘ಇಲ್ಲೊಂದು ಸಹಿ ಹಾಕು’ ಅನ್ನುತ್ತಾನೆ. ಓದಲು ಬಾರದ ಕೈ ಹೆಬ್ಬೆಟ್ಟು ಒತ್ತುತ್ತದೆ. ಇಪ್ಪತ್ತು ವರ್ಷದ ದುಡಿಮೆ ಆ ನೀಲಿ ಮಸಿಯ ಕೆಳಗೆ ಮುಚ್ಚಿಹೋಗುತ್ತದೆ.

ಆ ಸಹಿ ಬೀಳೋದಕ್ಕೆ ಮುಂಚೆ ಏನು ಮಾಡಬೇಕು ಅನ್ನೋದು ಈ ಬರಹದ ಮಾತು. ನಾವು ವಕೀಲರಲ್ಲ. ಬಿ.ಎ. ಮಾಡಿದವರು, ಪದ್ಯ ಬರೆಯೋರು. ಆದರೆ ಓದಲಿಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿ ಓದಲಿಕ್ಕೆ ಬರುವ ಮೊದಲ ತಲೆ ನಮ್ಮದು. ನಾವು ಹೇಳೋ ಮುಖ್ಯ ಸಂಗತಿಯೂ ಅದಕ್ಕೇ ಸೇರಿದ್ದು: ಕೆಲಸ ಕಳಕೊಂಡವನಿಗೆ ಕಾನೂನಿದೆ, ಆದರೆ ಕಾನೂನಿಗೆ ಕಾಗದ ಬೇಕು. ಕಾಗದ ಕೂಡಿಸೋ ಕೆಲಸ ಹಾಸ್ಟೆಲಿನಲ್ಲಿ ಕೂತು ಓದುತ್ತಿರುವ ನಮ್ಮದು.

ನಮ್ಮ ಜನ ಎಲ್ಲಿ ದುಡೀತಾರೆ

ಗುಂಡಗುರ್ತಿಯಲ್ಲಿ ನಿಂತು ಸುತ್ತ ಲೆಕ್ಕ ಹಾಕಿ. ವಾಡಿಯಲ್ಲಿ 1968ರಿಂದ ನಡೆಯುತ್ತಿರುವ ಸಿಮೆಂಟ್ ಕಾರ್ಖಾನೆ. ಮಳಖೇಡದಲ್ಲಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆ. ನೃಪತುಂಗನ ಮಾನ್ಯಖೇಟ ಇದ್ದ ನೆಲದ ಪಕ್ಕದಲ್ಲೇ ಈಗ ಚಿಮಣಿ. ಶಹಾಬಾದದ ಕಲ್ಲುಗಣಿ, ಅದರ ಫರಸಿ ನಾಡಿನ ಮನೆಮನೆಯ ನೆಲ. ವಾಡಿ ಜಂಕ್ಷನ್ನಿನ ರೈಲು ಕೆಲಸ. ಕಲಬುರಗಿಯ ತೊಗರಿ ಬೇಳೆ ಮಿಲ್ಲು. ಪುರಸಭೆಯ ಕಸ, ಪಂಚಾಯಿತಿಯ ನೀರು, ಸರ್ಕಾರಿ ಹಾಸ್ಟೆಲಿನ ಅಡುಗೆ, ಖಾಸಗಿ ಶಾಲೆಯ ಮಾಸ್ತರಿಕೆ.

ಈ ಎಲ್ಲ ಕೆಲಸಕ್ಕೂ ಒಂದೇ ಕಾನೂನಿನ ಬಾಗಿಲಲ್ಲ. ಬಾಗಿಲು ತಪ್ಪಿದವನು ವರ್ಷಗಟ್ಟಲೆ ಅಲೆಯುತ್ತಾನೆ. ಆದ್ದರಿಂದ ಮೊದಲು ಬಾಗಿಲು ಗುರುತಿಸಬೇಕು.

ಸಿಮೆಂಟು, ಗಣಿ, ರೈಲ್ವೆ: ಈ ಮೂರರ ಕಾರ್ಮಿಕ ವ್ಯಾಜ್ಯ ಹಿಂದಿನ ಕಾಯ್ದೆಯ ಕಾಲದಿಂದಲೂ ಕೇಂದ್ರ ಸರ್ಕಾರದ ಕೈಯಲ್ಲಿದೆ. ಅರ್ಜಿ ಹೋಗಬೇಕಾದ್ದು ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರಿಗೆ. ಅಲ್ಲಿ ಬಗೆಹರಿಯದಿದ್ದರೆ ಟ್ರಿಬ್ಯುನಲ್. ಆ ಟ್ರಿಬ್ಯುನಲ್ ಇರೋದು ಬೆಂಗಳೂರಿನಲ್ಲಿ. ನೋಡಿ, ನಮ್ಮ ಸೀಮೆಯ ದೊಡ್ಡ ದೊಡ್ಡ ಕೆಲಸವೆಲ್ಲ ಈ ಮೂರರಲ್ಲೇ ಇವೆ, ಬಾಗಿಲು ಮಾತ್ರ ಆರುನೂರು ಕಿಲೋಮೀಟರ್ ಆಸುಪಾಸು ದೂರ.

ಬೇಳೆ ಮಿಲ್ಲು, ಪುರಸಭೆ, ಗುತ್ತಿಗೆಯ ಹಾಸ್ಟೆಲ್ ಅಡುಗೆಯಂಥ ಕೆಲಸಕ್ಕೆ ರಾಜ್ಯದ ಕಾರ್ಮಿಕ ಇಲಾಖೆ. ಕಲಬುರಗಿಯಲ್ಲೇ ಕಾರ್ಮಿಕ ಅಧಿಕಾರಿ ಇದ್ದಾರೆ, ಲೇಬರ್ ಕೋರ್ಟಿದೆ. ಅದರ ಮೇಲೆ ಹೈಕೋರ್ಟಿನ ಪೀಠವೂ ಕಲಬುರಗಿಯಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಲ್ಲಿ ಕಾಯಂ ಆಯಿತು.

ಅಂಗಡಿ, ಹೋಟೆಲಿನವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಸತತ ದುಡಿದವನನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವ ಹಾಗಿಲ್ಲ.

ನಮ್ಮಂಥ ಬಿ.ಎ., ಬಿ.ಎಡ್. ಮಾಡಿದವರು ನಾಳೆ ಹೋಗೋದು ಖಾಸಗಿ ಶಾಲೆಗೆ. ಮಾಸ್ತರು ಕೈಗಾರಿಕಾ ಕಾನೂನಿನ ‘ಕೆಲಸಗಾರ’ ಅಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆ 1983 ಇದೆ. ವಿಚಾರಣೆ ಇಲ್ಲದೆ ವಜಾ ಮಾಡುವಂತಿಲ್ಲ. ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ, ಹೋಗಬಹುದು. ಮೂರು ತಿಂಗಳು ಬಹಳ ಬೇಗ ಕಳೀತದ, ನೆನಪಿರಲಿ. ಕಾಯಂ ಸರ್ಕಾರಿ ನೌಕರರಿಗೆ ರಾಜ್ಯ ಆಡಳಿತ ನ್ಯಾಯಮಂಡಳಿ ಬೇರೆಯೇ ಇದೆ.

ಕಾನೂನು ಎಲ್ಲಿಂದ ಬಂತು, ಎಲ್ಲಿಗೆ ಬಂತು

ಕಾನೂನನ್ನು ಯಾರೂ ನಮಗೆ ಉಂಬಳಿ ಕೊಟ್ಟಿಲ್ಲ. 1938ರಲ್ಲಿ ಮುಂಬಯಿ ಸರ್ಕಾರ ಕೈಗಾರಿಕಾ ವ್ಯಾಜ್ಯ ಮಸೂದೆ ತಂದಾಗ ಅದು ಮುಷ್ಕರದ ಹಕ್ಕನ್ನು ಕಟ್ಟಿಹಾಕುತ್ತದೆ ಎಂದು ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ ನವೆಂಬರ್ 7ರಂದು ಒಂದು ದಿನದ ಮುಷ್ಕರಕ್ಕೆ ಇಳಿಯಿತು. ಅದೇ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿದರು. ಬೀದಿಯಲ್ಲಿ ನಿಂತು ಕಾನೂನನ್ನು ಎದುರಿಸಿದ ಮನುಷ್ಯನೇ ಮೇಜಿನ ಮುಂದೆ ಕೂತು ಕಾನೂನು ಬರೆಯೋ ಕೆಲಸವನ್ನೂ ಮಾಡಿದರು. ‘ಕಾನೂನು ಧಣಿಗಳದು, ನಮಗ್ಯಾಕೆ’ ಎನ್ನುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಲಿ.

1947ರ ಕೈಗಾರಿಕಾ ವಿವಾದ ಕಾಯ್ದೆ ಬಂದಾಗ ವಿವಾದ ಅಂದರೆ ಗುಂಪಿನದು ಎಂಬ ಅರ್ಥ ಇತ್ತು. ಒಬ್ಬನನ್ನು ತೆಗೆದರೆ, ಯೂನಿಯನ್ ಬೆನ್ನಿಗೆ ನಿಂತರೆ ಮಾತ್ರ ಕೇಸು. 1965ರಲ್ಲಿ ತಿದ್ದುಪಡಿ ಬಂದು, ಒಬ್ಬನೇ ಒಬ್ಬನ ವಜಾ ಕೂಡಾ ಕೈಗಾರಿಕಾ ವಿವಾದ ಎಂದಾಯಿತು. 1971ರಲ್ಲಿ, ‘ತಪ್ಪು ಸಣ್ಣದು, ಶಿಕ್ಷೆ ದೊಡ್ಡದು’ ಎಂದು ಕಂಡರೆ ವಜಾ ರದ್ದು ಮಾಡುವ ಅಧಿಕಾರ ಲೇಬರ್ ಕೋರ್ಟಿಗೆ ಬಂತು. ಆದರೂ ಕೇಸು ಕೋರ್ಟಿಗೆ ಹೋಗಬೇಕಾದರೆ ಸರ್ಕಾರ ಕಳಿಸಬೇಕಿತ್ತು. 1988ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು, ವಜಾ ಆದವನು ಆರು ತಿಂಗಳೊಳಗೆ ತಾನೇ ನೇರ ಲೇಬರ್ ಕೋರ್ಟಿಗೆ ಹೋಗಬಹುದು ಅಂತ ಮಾಡಿತು. ಕೇಂದ್ರಕ್ಕೆ ಅಷ್ಟು ಬುದ್ಧಿ ಬಂದದ್ದು 2010ರಲ್ಲಿ.

ಇನ್ನೊಂದು ನಮ್ಮ ನಾಡಿನ ಕೇಸು. ಬೆಂಗಳೂರು ನೀರು ಸರಬರಾಜು ಮಂಡಳಿಯ ನೌಕರರು ತಮ್ಮಿಂದ ದಂಡ ಕಿತ್ತದ್ದನ್ನು ಪ್ರಶ್ನಿಸಿದಾಗ, ‘ಮಂಡಳಿ ಕೈಗಾರಿಕೆಯೇ ಅಲ್ಲ’ ಎಂದು ಮಂಡಳಿ ವಾದಿಸಿತು. 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠದಲ್ಲಿ ಕೃಷ್ಣ ಅಯ್ಯರ್ ಅವರು ಮುಖ್ಯ ತೀರ್ಪು ಬರೆದು ‘ಕೈಗಾರಿಕೆ’ ಎಂಬ ಶಬ್ದದ ಬಾಗಿಲನ್ನು ಅಗಲ ತೆಗೆದರು. ಆಸ್ಪತ್ರೆ, ವಿದ್ಯಾಸಂಸ್ಥೆ, ಪುರಸಭೆಯ ದುಡಿಮೆಗಾರರೆಲ್ಲ ಆ ಬಾಗಿಲಿನಿಂದ ಒಳಗೆ ಬಂದರು.

ಈಗ ಹಳೇ ಕಾಯ್ದೆ ಇಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮ್ಮ ವಿಷಯಕ್ಕೆ ಬೇಕಾದ್ದು ಕೈಗಾರಿಕಾ ಸಂಬಂಧಗಳ ಸಂಹಿತೆ, 2020. ಹಳೇ ಕೋರ್ಟುಗಳಲ್ಲಿದ್ದ ಕೇಸು ಸತ್ತುಹೋಗಿಲ್ಲ, ಅದು ಮುಂದುವರಿಯುತ್ತದೆ. ಹೊಸ ಸಂಹಿತೆಯಲ್ಲೂ ಒಬ್ಬನೇ ಕೆಲಸಗಾರನ ವಜಾ ವಿವಾದವೇ. ಆದರೆ ‘ಕೈಗಾರಿಕೆ’ಯ ಹೊಸ ಅರ್ಥದಿಂದ ಸರ್ಕಾರದ ಸಾರ್ವಭೌಮ ಕೆಲಸಗಳನ್ನೂ ಧರ್ಮಾರ್ಥ ಸಂಸ್ಥೆಗಳನ್ನೂ ಹೊರಗಿಟ್ಟಿದ್ದಾರೆ. ಮೇಲ್ವಿಚಾರಣೆ ಕೆಲಸದವನ ಸಂಬಳ ತಿಂಗಳಿಗೆ 18,000 ದಾಟಿದರೆ ಅವನೂ ಹೊರಗೆ.

ಹೊಸ ದಾರಿ ಹೀಗಿದೆ. ಮೊದಲು ಸಂಧಾನಾಧಿಕಾರಿಗೆ ಅರ್ಜಿ. ಅವರು ಎರಡೂ ಕಡೆಯವರನ್ನು ಕರೆದು ಮಾತಾಡಿಸಿ 45 ದಿನದಲ್ಲಿ ವರದಿ ಕೊಡಬೇಕು. ರಾಜಿ ಆಗದಿದ್ದರೆ, ವರದಿ ಕೈಗೆ ಬಂದ 90 ದಿನದೊಳಗೆ ನಾವೇ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಬೇಕು. ಕೆಲಸ ಹೋಗಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅರ್ಜಿ ಮುಟ್ಟುವ ಹಾಗಿಲ್ಲ. ಹಿಂದಿನ ಕಾಯ್ದೆಯ ಕೊನೇ ದಿನಗಳಲ್ಲಿ ಮೂರು ವರ್ಷ ಇತ್ತು. ಈಗ ಎರಡು. ‘ಸುಗ್ಗಿ ಮುಗೀಲಿ, ಮಗಳ ಮದುವಿ ಆಗಲಿ’ ಅಂತ ಕೂತರೆ ಕಾನೂನು ಕಾಯೋದಿಲ್ಲ.

ಎರಡು ಕೇಸು, ಒಂದು ಕಾಗದ

ಈಗ ಮುಖ್ಯ ಮಾತು. ಇಬ್ಬರೂ ಕರ್ನಾಟಕದ ದಿನಗೂಲಿಯವರು. ಇಬ್ಬರ ಕೇಸೂ ದಿಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಮೊದಲನೆಯದು ಹಡಿಮನಿ ಕೇಸು. ಅರಣ್ಯ ಇಲಾಖೆಯ ಕೂಲಿ. ವರ್ಷದಲ್ಲಿ 240 ದಿನ ದುಡಿದಿದ್ದೇನೆ, ನೋಟಿಸಿಲ್ಲದೆ ತೆಗೆದಿದ್ದಾರೆ ಅನ್ನೋದು ವಾದ. ಕೆಳಗೆ ಗೆದ್ದರು. 2002ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಂದದ್ದು ಬೇರೆ: 240 ದಿನ ದುಡಿದದ್ದನ್ನು ತೋರಿಸುವ ಹೊಣೆ ಕೆಲಸಗಾರನದು. ಸ್ವಂತ ಪ್ರಮಾಣಪತ್ರ ಒಂದೇ ಸಾಲದು. ಕೂಲಿ ಪಡೆದ ರಸೀದಿ ಇಲ್ಲ, ನೇಮಕದ ಕಾಗದ ಇಲ್ಲ. ಆದ್ದರಿಂದ ಕೆಳಗಿನ ತೀರ್ಪು ರದ್ದು. ಆದರೂ ಕನಿಕರದಿಂದ ಮತ್ತೆ ಕೆಲಸ ಕೊಡುತ್ತೇವೆ ಎಂದು ಇಲಾಖೆಯ ಪರ ವಕೀಲರು ಹೇಳಿದರು. ಹಕ್ಕು ಸೋತು ದಯೆ ಸಿಕ್ಕಿತು. ಆ ಒಬ್ಬರಿಗೆ ದಯೆ ಸಿಕ್ಕಿತು, ಆದರೆ ತೀರ್ಪು ಉಳಿಯಿತು. ಆಮೇಲೆ ಬಂದ ದಿನಗೂಲಿಯವರಿಗೆಲ್ಲ ಎದುರು ಪಕ್ಷದ ವಕೀಲರು ತೋರಿಸೋದು ಆ ತೀರ್ಪನ್ನೇ.

ಎರಡನೆಯದು ಯಲ್ಲಟ್ಟಿ ಕೇಸು. ಸರ್ಕಾರದ ಒಬ್ಬ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರ ಕೈಕೆಳಗೆ 1988ರಿಂದ 1994ರ ತನಕ ದಿನಗೂಲಿ. ಇವರು ಎರಡು ಕೆಲಸ ಮಾಡಿದ್ದರು. ಮೇಲಧಿಕಾರಿ ಕೊಟ್ಟ ಸೇವೆಯ ಸರ್ಟಿಫಿಕೇಟನ್ನು ಜೋಪಾನ ಮಾಡಿದ್ದರು. ಕೋರ್ಟಿನಲ್ಲಿ ನಿಂತು, ‘ಇಲಾಖೆ ತನ್ನ ಮಸ್ಟರ್ ರೋಲ್ ತಂದು ತೋರಿಸಲಿ’ ಎಂದು ಕೇಳಿದ್ದರು. ಇಲಾಖೆ ಪೂರ್ತಿ ಮಸ್ಟರ್ ರೋಲ್ ತರಲಿಲ್ಲ. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇವರ ಪರ ನಿಂತಿತು.

ಬೆವರು ಒಂದೇ, ಬಿಸಿಲು ಒಂದೇ, ಸರ್ಕಾರವೂ ಒಂದೇ. ಬೇರೆ ಆದದ್ದು ಆ ಕಾಗದ ಮತ್ತು ‘ನಿನ್ನ ಪುಸ್ತಕ ತೆಗೆ’ ಎಂದು ಕೇಳಿದ ಒಂದು ಮಾತು.

ಇದು ನಮಗೆ ಹೊಸದಲ್ಲ. ತಲೆತಲಾಂತರದಿಂದ ನಮ್ಮ ದುಡಿಮೆಗೆ ಲೆಕ್ಕ ಇಟ್ಟವರು ಯಾರು? ಗೌಡನ ಮನೆಯ ಚೋಪಡಿ. ಅದರಲ್ಲಿ ಸಾಲ ಬರೆಯುತ್ತಿದ್ದರು, ದುಡಿಮೆ ಬರೆಯುತ್ತಿರಲಿಲ್ಲ. ಇವತ್ತಿನ ಗುತ್ತಿಗೆದಾರನ ರಿಜಿಸ್ಟರೂ ಅದೇ ಚೋಪಡಿಯ ಮೊಮ್ಮಗ. ಆ ಪುಸ್ತಕ ಅವನ ಕೈಯಲ್ಲಿರುವ ತನಕ ನಾವು ದುಡಿದೇ ಇಲ್ಲ. ಅದಕ್ಕೇ ನಮ್ಮದೊಂದು ಪುಸ್ತಕ ಬೇಕು.

ಹಾಗಾದರೆ ಏನು ಮಾಡಬೇಕು

ಒಂದು. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ, ರಾಜೀನಾಮೆಗೆ, ‘ಪೂರಾ ಲೆಕ್ಕ ಚುಕ್ತಾ’ ಎಂಬ ಕಾಗದಕ್ಕೆ ಸಹಿ ಇಲ್ಲ. ಒತ್ತಾಯ ಮಾಡಿ ಹಾಕಿಸಿದ್ದರೆ ಮರುದಿನವೇ ‘ಹೆದರಿಸಿ ಸಹಿ ಪಡೆದಿದ್ದಾರೆ’ ಎಂದು ಬರೆದು ಕಳಿಸಿ.

ಎರಡು. ಗೇಟಿನಲ್ಲಿ ತಡೆದ ದಿನವೇ ಕಾಗದ ಬರೆಯಿರಿ. ಇಂಥ ತಾರೀಖು, ಇಂಥ ಹೊತ್ತು, ಇಂಥವರು ಒಳಗೆ ಬಿಡಲಿಲ್ಲ, ನಾನು ದುಡಿಯಲು ಸಿದ್ಧ ಇದ್ದೇನೆ, ಕಾರಣ ಬರಹದಲ್ಲಿ ತಿಳಿಸಿ. ಇಷ್ಟೇ. ಇದು ಯಾಕೆಂದರೆ, ಮುಂದೆ ಅವರು ‘ನಾವು ತೆಗೆದಿಲ್ಲ, ಅವನೇ ಬಿಟ್ಟುಹೋದ’ ಎನ್ನುತ್ತಾರೆ. ಎಲ್ಲ ಕೇಸಿನಲ್ಲೂ ಹೀಗೇ ಅನ್ನುತ್ತಾರೆ. ಹೇಳದೆ ಗೈರಾದ ಅಂತ ತಾನಾಗಿ ಹೆಸರು ಹೊಡೆಯುವುದು ಸರಿಯಲ್ಲ, ಅವನ ಮಾತು ಕೇಳಲೇಬೇಕು ಎಂದು ಸುಪ್ರೀಂ ಕೋರ್ಟು 1993ರಲ್ಲಿ ಡಿ.ಕೆ. ಯಾದವ್ ಕೇಸಿನಲ್ಲಿ ಹೇಳಿದೆ. ಕಾಗದವನ್ನು ಕಾರ್ಖಾನೆಗೂ ಗುತ್ತಿಗೆದಾರನಿಗೂ ಕಳಿಸಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ. ಆದ್ದರಿಂದ ಸ್ಪೀಡ್ ಪೋಸ್ಟು ಮಾಡಿ, ಮುಟ್ಟಿದ ರುಜುವಾತು ಪಡೆದು ಇಟ್ಟುಕೊಳ್ಳಿ.

ಮೂರು. ದುಡಿದ ರುಜುವಾತು ಕೂಡಿಸಿ. ಗೇಟ್ ಪಾಸು, ಹಾಜರಿ ಚೀಟಿ, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಇಎಸ್‌ಐ ಕಾರ್ಡು. ಎಲ್ಲಕ್ಕಿಂತ ದೊಡ್ಡದು ಪಿ.ಎಫ್. ಪಾಸ್‌ಬುಕ್. ಅದರಲ್ಲಿ ಯಾವ ತಿಂಗಳು ಯಾರ ಹೆಸರಿನಲ್ಲಿ ಹಣ ಕಟ್ಟಿದ್ದಾರೆ ಎಲ್ಲ ಇರುತ್ತದೆ. ಅಪ್ಪನ ಯುಎಎನ್ ನಂಬರು ಕೇಳಿ, ನಿಮ್ಮ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ. ಸರ್ಕಾರಿ ಇಲಾಖೆಯ ದಿನಗೂಲಿಯಾದರೆ ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಮಸ್ಟರ್ ರೋಲಿನ ನಕಲು ಕೇಳಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ನಾಲ್ಕು. ತೆಗೆದ ಕಾರಣ ಯಾವುದು ನೋಡಿ. ‘ತಪ್ಪು ಮಾಡಿದ’ ಎಂದರೆ ಆರೋಪಪಟ್ಟಿ ಕೊಡಬೇಕು, ವಿಚಾರಣೆ ಮಾಡಬೇಕು, ಅವನ ಕಡೆಯ ಸಾಕ್ಷಿ ಕೇಳಬೇಕು. ವಿಚಾರಣೆಗಾಗಿ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ಅವನ ತಪ್ಪಿಲ್ಲದೆ ವಿಚಾರಣೆ ಎಳೆದರೆ ಆಮೇಲೆ ಮುಕ್ಕಾಲು. ‘ಕೆಲಸ ಇಲ್ಲ, ಆಳು ಜಾಸ್ತಿ’ ಎಂದರೆ ಅದು ಕಡಿತ. ಒಂದು ವರ್ಷ ಸತತ ದುಡಿದವನಿಗೆ ಒಂದು ತಿಂಗಳ ನೋಟಿಸು ಅಥವಾ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಕೂಲಿ ಪರಿಹಾರ. ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೋಗಬೇಕು. ಒಂದು ವರ್ಷದೊಳಗೆ ಮತ್ತೆ ಆಳು ಬೇಕಾದರೆ ತೆಗೆದವನನ್ನೇ ಮೊದಲು ಕರೆಯಬೇಕು. ಇಪ್ಪತ್ತು ವರ್ಷದವನನ್ನು ತೆಗೆದು ಮೊನ್ನೆ ಬಂದವನನ್ನು ಇಟ್ಟುಕೊಂಡರೆ ಅದನ್ನೇ ಅರ್ಜಿಯಲ್ಲಿ ಬರೆಯಿರಿ.

ಐದು. ಗ್ರಾಚ್ಯುಟಿ ಬೇರೆ, ಕೇಸು ಬೇರೆ. ಕಾಯಂ ಆಗಲಿ, ಗುತ್ತಿಗೆ ಆಗಲಿ, ಐದು ವರ್ಷ ಸತತ ದುಡಿದವನಿಗೆ ಗ್ರಾಚ್ಯುಟಿ ಬರಬೇಕು. ಲೆಕ್ಕ ಸುಲಭ: ತಿಂಗಳ ಕೂಲಿಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸಿ. ತಿಂಗಳಿಗೆ 13,000 ಇದ್ದು 20 ವರ್ಷ ದುಡಿದಿದ್ದರೆ 1,50,000 ರೂಪಾಯಿ. ಈಗ ಯೋಚನೆ ಮಾಡಿ, ಹತ್ತು ಸಾವಿರ ಹಿಡಿದು ಮನೆಗೆ ಬಂದವನು ಎಷ್ಟು ಉಳಿಸಿಕೊಂಡ?

ಆರು. ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿ ಇಲ್ಲದೆ ಪುಕ್ಕಟೆ ವಕೀಲರು ಸಿಗಬೇಕು. ತಾಲೂಕಿನ ಕೋರ್ಟಿನಲ್ಲೇ ತಾಲೂಕು ಸಮಿತಿ ಇರುತ್ತದೆ. ಫೋನು ಮಾಡುವುದಾದರೆ 15100. ಇನ್ನು ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಬೈದು ಹೊರಗೆ ದಬ್ಬಿದ್ದರೆ ಅದು ಬರೀ ಕೆಲಸದ ಕೇಸಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ಕೇಸು. ಅದಕ್ಕೆ ಪೊಲೀಸ್ ಠಾಣೆ.

ಗುತ್ತಿಗೆ ಎಂಬ ಮುಸುಕು

‘ನಮ್ಮವನು ಕಂಪನಿ ಆಳಲ್ಲ, ಗುತ್ತಿಗೆ ಆಳು. ಅವನಿಗೆ ಕಾನೂನು ಹತ್ತೋದಿಲ್ಲ’ ಎನ್ನುವವರಿದ್ದಾರೆ. ಇದು ಅರ್ಧ ಸುಳ್ಳು. ಗುತ್ತಿಗೆಯವನೂ ಕೆಲಸಗಾರನೇ. ಅವನ ನೋಟಿಸು, ಪರಿಹಾರ, ಗ್ರಾಚ್ಯುಟಿ ಎಲ್ಲ ಇದೆ. ಕಷ್ಟ ಇರೋದು ಕಂಪನಿಯ ಆಳು ಎಂದು ಸಾಧಿಸೋದರಲ್ಲಿ. ಗುತ್ತಿಗೆ ರದ್ದಾದ ಮಾತ್ರಕ್ಕೆ ಕಾಯಂ ಆಗೋದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆದರೆ ಗುತ್ತಿಗೆ ಬರೀ ನೆಪ, ಮುಸುಕು ಎಂದು ತೋರಿಸಿಕೊಟ್ಟರೆ ಕಂಪನಿಯೇ ಮಾಲೀಕ ಎಂದೂ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಐದು ಗುತ್ತಿಗೆದಾರರು ಬದಲಾದರು, ಆಳು ಅದೇ, ಯಂತ್ರ ಅದೇ, ಹುಕುಂ ಕೊಡೋ ಸಾಹೇಬರು ಅದೇ ಕಂಪನಿಯವರು. ಇದು ಮುಸುಕಲ್ಲದೆ ಮತ್ತೇನು? ಪಿ.ಎಫ್. ಪಾಸ್‌ಬುಕ್ಕಿನಲ್ಲಿ ಐದು ಹೆಸರು ಸಾಲಾಗಿ ಕಾಣುತ್ತವೆ. ಅದೇ ಸಾಕ್ಷಿ.

ಸರ್ಕಾರದ ಕಥೆ ಇನ್ನೂ ಕೆಟ್ಟದ್ದು. 1990ರಲ್ಲಿ ಧಾರವಾಡದ ಲೋಕೋಪಯೋಗಿ ದಿನಗೂಲಿ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಕಾಯಂ ಮಾಡುವ ದಾರಿ ಹಾಕಿತು. 2006ರ ಏಪ್ರಿಲ್ 10ರಂದು ಅದೇ ಕರ್ನಾಟಕದ ಉಮಾದೇವಿ ಕೇಸಿನಲ್ಲಿ ಐದು ನ್ಯಾಯಾಧೀಶರು ಆ ಬಾಗಿಲು ಮುಚ್ಚಿದರು. ಹತ್ತು ವರ್ಷ ದುಡಿದವರಿಗೆ ಒಂದೇ ಒಂದು ಸಲದ ಅವಕಾಶ ಬಿಟ್ಟರು. ಸರ್ಕಾರಗಳು ಬಾಗಿಲು ಮುಚ್ಚಿದ್ದನ್ನು ನೆನಪಿಟ್ಟವು, ಬಿಟ್ಟ ಅವಕಾಶವನ್ನು ಮರೆತವು. 2024ರ ಡಿಸೆಂಬರ್ 20ರಂದು ಜಗ್ಗೋ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬೈದಿತು. ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದ, ಗಿಡಕ್ಕೆ ನೀರು ಹಾಕಿದ ಜನರನ್ನು 2018ರಲ್ಲಿ ನೋಟಿಸಿಲ್ಲದೆ ತೆಗೆದಿದ್ದರು. ಅವರನ್ನು ಮತ್ತೆ ಕೆಲಸಕ್ಕೆ ತಗೊಂಡು ಕಾಯಂ ಮಾಡಿ ಎಂದಿತು. ಹಿಂಬಾಕಿ ಕೂಲಿ ಕೊಡಿಸಲಿಲ್ಲ, ಸೇವೆ ಮಾತ್ರ ಸತತ ಎಂದಿತು. ನಮ್ಮ ಹಾಸ್ಟೆಲಿನ ಅಡುಗೆಯವರು, ಪಂಚಾಯಿತಿಯ ನೀರು ಬಿಡೋರು ಈ ತೀರ್ಪಿನ ನಕಲನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಸಿಟ್ಟು

ಕಾನೂನು ಇದೆ ಎಂದು ಹೇಳಿದೆವು. ಅದು ನೆಟ್ಟಗಿದೆ ಎಂದು ಹೇಳುತ್ತಿಲ್ಲ. ದೊಡ್ಡ ಕಾರ್ಖಾನೆ, ಗಣಿಗಳು ಆಳು ಕಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು ಎಂಬ ಅಧ್ಯಾಯ 1976ರಲ್ಲಿ ಬಂದಾಗ ಅದು 300 ಆಳಿಗೆ ಮೇಲ್ಪಟ್ಟವುಗಳಿಗಿತ್ತು. 1984ರಿಂದ 100ಕ್ಕೆ ಇಳಿಯಿತು. ಹೊಸ ಸಂಹಿತೆ ಮತ್ತೆ 300ಕ್ಕೆ ಏರಿಸಿದೆ. ನಲವತ್ತು ವರ್ಷ ಹಿಂದಕ್ಕೆ ಹೋದೆವು. ಬದಲಿಗೆ ‘ಮರುಕೌಶಲ್ಯ ನಿಧಿ’ ಎಂದು 15 ದಿನದ ಕೂಲಿ ಖಾತೆಗೆ ಹಾಕುತ್ತಾರಂತೆ. ಐವತ್ತು ವಯಸ್ಸಿನ, ಧೂಳಿನಿಂದ ಎದೆ ಕಟ್ಟಿದ ಮನುಷ್ಯ ಹದಿನೈದು ದಿನದ ಕೂಲಿಯಲ್ಲಿ ಯಾವ ಕೌಶಲ್ಯ ಕಲೀತಾನೆ?

ಟ್ರಿಬ್ಯುನಲ್ಲಿನ ತಾರೀಖಿಗೆ ತಾರೀಖು ಬೀಳುತ್ತದೆ. ಪ್ರತಿ ತಾರೀಖಿಗೆ ಕೂಲಿ ಬಿಟ್ಟು, ರೈಲು ಹತ್ತಿ, ಬೆಂಗಳೂರಿನ ಫುಟ್‌ಪಾತಿನಲ್ಲಿ ಬುತ್ತಿ ಬಿಚ್ಚಬೇಕು. ಗೆದ್ದರೂ ದಿನಗೂಲಿಯವರಿಗೆ ಕೆಲಸದ ಬದಲು ಇಷ್ಟು ಹಣ ಅಂತ ಕೈಗೆ ಕೊಟ್ಟು ಕಳಿಸುವುದು 2009ರಿಂದೀಚೆ ಕೋರ್ಟುಗಳಲ್ಲಿ ಹೆಚ್ಚಾಗಿದೆ. ಮಾಲೀಕರು ಮೇಲಿನ ಕೋರ್ಟಿಗೆ ಹೋದರೆ, ಬೇರೆ ಕಡೆ ದುಡಿಯದವನಿಗೆ ಕೇಸು ಮುಗಿಯುವ ತನಕ ಸಂಬಳ ಕೊಡಬೇಕೆಂಬ ಕಾನೂನಿದೆ. ಕೇಳಬೇಕು ಎಂದು ಗೊತ್ತಿಲ್ಲದವನಿಗೆ ಅದು ಯಾಕೆ ಸಿಗುತ್ತದೆ? ಸಿಮೆಂಟು, ಗಣಿ ಕಾರ್ಮಿಕರ ಟ್ರಿಬ್ಯುನಲ್ ತಿಂಗಳಿಗೊಮ್ಮೆಯಾದರೂ ಕಲಬುರಗಿಯಲ್ಲಿ ಕೂರಬೇಕು. ಹೈಕೋರ್ಟು ಬರಬಹುದಾದರೆ ಟ್ರಿಬ್ಯುನಲ್ ಯಾಕೆ ಬರಬಾರದು? ಇದು ನಮ್ಮ ಬೇಡಿಕೆ, ಭಿಕ್ಷೆ ಅಲ್ಲ.

ಕೋರ್ಟೊಂದೇ ದಾರಿಯೂ ಅಲ್ಲ. 2021ರ ಡಿಸೆಂಬರ್ 1ರಂದು ಬೆಂಗಳೂರಿನ ಐಟಿಐ ಕಾರ್ಖಾನೆಯ ಗೇಟಿನಲ್ಲಿ 80 ಗುತ್ತಿಗೆ ಕಾರ್ಮಿಕರನ್ನು ತಡೆದರು. ಯೂನಿಯನ್ ಕಟ್ಟಿದ್ದಕ್ಕೇ ಹೀಗೆ ಮಾಡಿದರು ಎಂದು ಕಾರ್ಮಿಕರು ಹೇಳಿದರು. ಅವರು ಮನೆಗೆ ಹೋಗಲಿಲ್ಲ. ಗೇಟಿನ ಎದುರೇ ತಿಂಗಳುಗಟ್ಟಲೆ ಕೂತರು, ಜೊತೆಗೆ ಕಾನೂನಿನ ಹೋರಾಟವನ್ನೂ ನಡೆಸಿದರು. ಒಬ್ಬನೇ ಹೋದರೆ ಸಂಧಾನಾಧಿಕಾರಿಯ ಕಚೇರಿಯಲ್ಲಿ ಸ್ಟೂಲೂ ಸಿಗೋದಿಲ್ಲ. ಇಪ್ಪತ್ತು ಜನ ಹೋದರೆ ಬೆಂಚು ಹಾಕುತ್ತಾರೆ.

ಗೆಳೆಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಎಂಬತ್ತು ಪುಟದ ನೋಟ್‌ಬುಕ್ಕು ಒಂದು ತಗೊಳ್ಳಿ. ಮೊದಲನೇ ಪುಟದಲ್ಲಿ ಅಪ್ಪನ ಅಥವಾ ಅವ್ವನ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಯಾರ ಕೈಕೆಳಗೆ, ಎಷ್ಟು ಕೂಲಿ, ಪಿ.ಎಫ್. ನಂಬರು, ಜೊತೆಗೆ ದುಡಿದ ಇಬ್ಬರ ಹೆಸರು ಬರೆಯಿರಿ. ಟ್ರಂಕಿನ ತಳದಲ್ಲಿ ಬಿದ್ದಿರುವ ಚೀಟಿಗಳನ್ನೆಲ್ಲ ತೆಗೆದು ಫೋಟೋ ಹೊಡೆದು, ಒರಿಜಿನಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನಿಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯದು. ಕೆಲಸ ಹೋದ ಮೇಲಲ್ಲ, ಇರುವಾಗಲೇ ಬರೆಯಿರಿ. ಗುಂಡಗುರ್ತಿಯಲ್ಲಿ ನಾವು ನಾಲ್ಕು ಜನ ಈಗಾಗಲೇ ಶುರು ಮಾಡಿದ್ದೇವೆ, ಹನ್ನೊಂದು ಮನೆ ಆಗಿದೆ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಯ ಗೆಳೆಯರು ತಮ್ಮ ಊರಿನ ಲೆಕ್ಕ ತಗೊಂಡು ಮುಂದಿನ ಸಭೆಗೆ ಬರಲಿ.